ನಮ್ಮ ಪೇಟೆಯ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರಗಳು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಪೇಟೆಯಲ್ಲಿ ದಿನಸಿ ಅಂಗಡಿ ನಡೆಸುತ್ತೇನೆ. ಅಂಗಡಿ ಶುರು ಮಾಡಿದವರು ನನ್ನ ಮಾವ. ಆಮೇಲೆ ನಮ್ಮ ಯಜಮಾನರು ನೋಡಿಕೊಂಡರು. ಅವರಿಗೆ ಬೆನ್ನು ಹಿಡಿದುಕೊಂಡ ಮೇಲೆ, 11 ವರ್ಷದಿಂದ ಗಲ್ಲಾ ಮುಂದೆ ಕೂರುವವಳು ನಾನೇ. ನಮ್ಮ ಪೇಟೆ ಅಂದರೆ ಬಸ್ ಸ್ಟ್ಯಾಂಡಿನಿಂದ ಹೈಸ್ಕೂಲಿನವರೆಗಿನ ಒಂದೇ ರಸ್ತೆ. ನಾನು ಮದುವೆಯಾಗಿ ಬಂದಾಗ ಆ ರಸ್ತೆಯ ಎರಡೂ ಬದಿ ಸೇರಿ 43 ಅಂಗಡಿ ಇದ್ದವು. ಈಗ ಬಾಗಿಲು ತೆರೆಯುವುದು 29. ಮೊನ್ನೆ ಭಾನುವಾರ ನಾನೇ ನಡೆದುಕೊಂಡು ಹೋಗಿ ಎಣಿಸಿದೆ.

ಎಣಿಸಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಹೋದ ತಿಂಗಳು ನಮ್ಮ ಪಕ್ಕದ ಟೈಲರ್ ಅಂಗಡಿ ಮುಚ್ಚಿತು. 22 ವರ್ಷ ಅವರು ಅಲ್ಲಿ ಕೂತು ಹೊಲಿದವರು. ಬೆಳಿಗ್ಗೆ ಏಳು ಗಂಟೆಗೆ ಲಗೇಜ್ ಆಟೋ ಬಂತು. ಎರಡು ಮೆಷಿನ್, ಕಟಿಂಗ್ ಟೇಬಲ್, ಇಸ್ತ್ರಿ ಪೆಟ್ಟಿಗೆ ಎಲ್ಲ ಹತ್ತಿಸಿದರು. ಕೊನೆಗೆ ಒಂದು ಕವರ್ ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದರು. "ಅಕ್ಕಾ, ಮೂರು ಬ್ಲೌಸ್ ಕೊಡೋದು ಬಾಕಿ ಇದೆ. ಅವರು ಬಂದ್ರೆ ಕೊಟ್ಬಿಡಿ. ದುಡ್ಡು ಕೊಟ್ರೆ ಇಟ್ಕೊಂಡಿರಿ, ಇಲ್ಲ ಅಂದ್ರೂ ಕೇಳಬೇಡಿ, ಪಾಪ" ಅಂದರು. ಅವರಿಗೆ ಯಾರೂ ಮೋಸ ಮಾಡಿದ್ದಲ್ಲ. ಕೆಲಸದಲ್ಲಿ ತಪ್ಪೂ ಇರಲಿಲ್ಲ. ನಮ್ಮೂರಲ್ಲಿ ಎರಡು ವರ್ಷದಿಂದ ಹೊಸ ಬಟ್ಟೆ ಹೊಲಿಸುವವರೇ ಕಡಿಮೆಯಾದರು, ಅಷ್ಟೇ. ಈಗ ಅವರು ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸಕ್ಕೆ ಸೇರಿದ್ದಾರೆ.

ನಿಮಗೆ ಗೊತ್ತಿರುವ ವಿಷಯವೇ, ಆದರೂ ಅಂಗಡಿ ಕಟ್ಟೆಯ ಮೇಲೆ ಕೂತು ನೋಡಿದರೆ ಅದು ಬೇರೆ ಥರ ಕಾಣುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮಲೆನಾಡಿನ ಅಂಗಡಿಯ ಲೆಕ್ಕ ನಿಂತಿರುವುದು ಅಡಿಕೆಯ ಮೇಲೆ. ತೋಟ ಇದ್ದವರಿಗಷ್ಟೇ ಅಲ್ಲ. ಅಡಿಕೆ ಗೊನೆ ತೆಗೆಯುವವರು, ಅಡಿಕೆ ಸುಲಿಯುವ ಹೆಂಗಸರು, ಸೊಪ್ಪು ಹೊರುವವರು, ಗಾಡಿ ಓಡಿಸುವವರು, ಎಲ್ಲರ ಕೈಗೂ ದುಡ್ಡು ಬರುವುದು ಅಲ್ಲಿಂದಲೇ. ಮಳೆಗಾಲದಲ್ಲಿ ಎಲ್ಲರೂ ಉದ್ರಿ ತಗೊಳ್ಳುತ್ತಾರೆ. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ ತೀರಿಸುತ್ತಾರೆ. ನನ್ನ ಮಾವನ ಕಾಲದಿಂದ ಹೀಗೇ ನಡೆದಿದೆ. ಉದ್ರಿ ಪುಸ್ತಕ ನೋಡಿದರೆ ಯಾವ ವರ್ಷ ಬೆಳೆ ಹೇಗಿತ್ತು ಎಂದು ಹೇಳಬಹುದು.

ಈಗ ಆ ಚಕ್ರ ಸರಿಯಾಗಿ ತಿರುಗುತ್ತಿಲ್ಲ. ಎಲೆಚುಕ್ಕಿ ರೋಗ ಬಂದ ತೋಟಗಳಲ್ಲಿ ಫಸಲು ಅರ್ಧಕ್ಕೆ ಇಳಿದಿದೆ ಅನ್ನುತ್ತಾರೆ ನಮ್ಮ ಗಿರಾಕಿಗಳು. ಅದರ ಮೇಲೆ ಕೊಳೆರೋಗ. ಅದಕ್ಕೆ ಬೋರ್ಡೋ ಔಷಧಿ ಹೊಡೆಯಬೇಕಾದರೆ ಒಂದೆರಡು ದಿನವಾದರೂ ಮಳೆ ಹೊಳವು ಕೊಡಬೇಕು. ಕೊಡದಿದ್ದರೆ ತಂದ ಮೈಲುತುತ್ತ, ಸುಣ್ಣ ಕೊಟ್ಟಿಗೆಯಲ್ಲೇ ಇರುತ್ತದೆ, ಕಾಯಿ ಮಾತ್ರ ಉದುರುತ್ತದೆ. ಅಡಿಕೆಗೆ ರೇಟು ಚೆನ್ನಾಗಿದೆ ಎಂದು ಪೇಪರಿನಲ್ಲಿ ಓದಿ ಶಿವಮೊಗ್ಗದವರು "ನಿಮಗೇನು ಬಿಡಿ" ಅನ್ನುತ್ತಾರೆ. ಮಾರಲಿಕ್ಕೆ ಅಡಿಕೆಯೇ ಇಲ್ಲದವರಿಗೆ ರೇಟು ಎಷ್ಟಿದ್ದರೇನು?

ಕೈ ಬಿಗಿಯಾದಾಗ ಜನ ಏನು ಬಿಡುತ್ತಾರೆ ಎಂಬುದು ನನಗೆ ದಿನಾ ಕಾಣುತ್ತದೆ. ಅಕ್ಕಿ, ಬೇಳೆ, ಎಣ್ಣೆ ಯಾರೂ ಬಿಡುವುದಿಲ್ಲ. ಅರ್ಧ ಕೆಜಿ ಕಾಫಿಪುಡಿ ಒಯ್ಯುತ್ತಿದ್ದವರು ನೂರು ಗ್ರಾಂ ಕೇಳುತ್ತಾರೆ. ಐದು ಲೀಟರ್ ಎಣ್ಣೆ ಕ್ಯಾನ್ ಹೋಗುತ್ತಿದ್ದ ಮನೆಗೆ ಒಂದೊಂದೇ ಪ್ಯಾಕೆಟ್ ಹೋಗುತ್ತದೆ. ಸೋಪು ಸಣ್ಣದು, ಪೇಸ್ಟು ಸಣ್ಣದು. ಅದಕ್ಕಿಂತ ಮೊದಲೇ ಹೋಟೆಲಿನ ತಿಂಡಿ ಬಿಟ್ಟಿರುತ್ತಾರೆ, ಬಟ್ಟೆ ಹೊಲಿಸುವುದು ಬಿಟ್ಟಿರುತ್ತಾರೆ, ಮಿಕ್ಸಿ ರಿಪೇರಿ ಮುಂದಕ್ಕೆ ಹಾಕಿರುತ್ತಾರೆ. ಹಾಗಾಗಿ ಏಟು ಮೊದಲು ಬಿದ್ದಿದ್ದು ಟೈಲರ್‌ಗೆ, ಆಮೇಲೆ ಎರಡು ಕ್ಯಾಂಟೀನಿಗೆ, ಆಮೇಲೆ ಸೈಕಲ್ ಶಾಪಿಗೆ, ಫೋಟೋ ಸ್ಟುಡಿಯೋಕ್ಕೆ. ದಿನಸಿಯವರಿಗೆ ಏಟು ನಿಧಾನ. ಆದರೆ ಬಂದೇ ಬರುತ್ತದೆ. ಯಾಕೆಂದರೆ ಮುಚ್ಚಿದ ಆ ಕ್ಯಾಂಟೀನಿನವರು ದಿನಾ ರವೆ, ಸಕ್ಕರೆ, ಟೀಪುಡಿ ತಗೊಳ್ಳುತ್ತಿದ್ದುದು ನನ್ನ ಹತ್ತಿರವೇ.

ಇವತ್ತು ನನ್ನ ಉದ್ರಿ ಪುಸ್ತಕದಲ್ಲಿ ಬಾಕಿ 1 ಲಕ್ಷ 84 ಸಾವಿರ. ನನಗೆ ಸಾಮಾನು ಕೊಡುವ ಶಿವಮೊಗ್ಗದ ಹೋಲ್‌ಸೇಲ್‌ನವರು ಮೊದಲು ಒಂದು ತಿಂಗಳು ಟೈಮ್ ಕೊಡುತ್ತಿದ್ದರು, ಈಗ ಒಂದು ವಾರ. ಅವರಿಗೂ ಮೇಲಿನವರು ಒತ್ತುತ್ತಿದ್ದಾರಂತೆ. ಮೇಲಿನಿಂದ ಒತ್ತಡ ಬರುತ್ತದೆ, ಕೆಳಗಿನವರಿಗೆ ನಾನು ಒತ್ತಡ ಹಾಕುವ ಹಾಗಿಲ್ಲ. ಮಗು ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದ ತಾಯಿಗೆ "ಮೊದಲು ಹಳೆ ಬಾಕಿ ಕೊಡು" ಅನ್ನಲಿಕ್ಕೆ ನನ್ನಿಂದ ಆಗುವುದಿಲ್ಲ. ಇದು ನನ್ನೊಬ್ಬಳ ಕಥೆ ಅಲ್ಲ ಸ್ವಾಮಿ, ನಿಮ್ಮ ಏಳೂ ತಾಲ್ಲೂಕಿನ ಯಾವ ಸಣ್ಣ ಪೇಟೆಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ.

ನನ್ನ ತವರು ಭದ್ರಾವತಿ. ಅಲ್ಲಿಯದನ್ನು ನೋಡಿದ್ದಕ್ಕೇ ನನಗೆ ಈ ಹೆದರಿಕೆ ಜಾಸ್ತಿ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಎರಡರ ಸೈರನ್ ಕೇಳಿಕೊಂಡೇ ನಾವು ಬೆಳೆದವರು. ಕಾಗದದ ಕಾರ್ಖಾನೆ ನಿಂತು ವರ್ಷಗಳೇ ಆದವು. ಕಬ್ಬಿಣದ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಊರೇ ಬೀದಿಗೆ ಇಳಿಯಿತು, ಆಮೇಲೆ ಸ್ವಲ್ಪ ಮಟ್ಟಿಗೆ ಮತ್ತೆ ಕೆಲಸ ಶುರುವಾಯಿತು. ಕಾರ್ಮಿಕರ ಬಗ್ಗೆ ಮಾತಾಡಿದರು, ಮಾತಾಡಬೇಕಾದದ್ದೇ. ಆದರೆ ಕಾಗದನಗರದ ಗೇಟಿನ ಮುಂದೆ ಟೀ ಮಾರುತ್ತಿದ್ದವರು, ಶಿಫ್ಟ್ ಮುಗಿಸಿ ಬರುವವರಿಗೆ ತರಕಾರಿ ಕೊಡುತ್ತಿದ್ದವರು, ಸಂಬಳದ ದಿನ ನೋಡಿಕೊಂಡು ಉದ್ರಿ ಕೊಡುತ್ತಿದ್ದ ನಮ್ಮ ಚಿಕ್ಕಪ್ಪನಂಥವರು ಎಲ್ಲಿ ಹೋದರು ಎಂದು ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ದೊಡ್ಡ ಕಾರ್ಖಾನೆ ನಿಂತರೆ ಸುದ್ದಿಯಾಗುತ್ತದೆ. ನಮ್ಮ ಪೇಟೆಯಲ್ಲಿ ಒಂದೊಂದೇ ಶಟರ್ ಇಳಿದರೆ ಪಕ್ಕದ ಅಂಗಡಿಯವರಿಗೆ ಮಾತ್ರ ಗೊತ್ತಾಗುತ್ತದೆ.

ಹಾಗಾಗಿ ನನ್ನ ಮೊದಲ ಕೋರಿಕೆ ಬಹಳ ಸಣ್ಣದು. ದಯವಿಟ್ಟು ನಮ್ಮನ್ನು ಎಣಿಸಿ. ಗ್ರಾಮ ಪಂಚಾಯ್ತಿ, ಪಟ್ಟಣ ಪಂಚಾಯ್ತಿಗಳ ಹತ್ತಿರ ಲೈಸೆನ್ಸಿನ ರಿಜಿಸ್ಟರ್ ಇದೆ. ಹೋದ ವರ್ಷ ಎಷ್ಟು ಅಂಗಡಿ ನವೀಕರಣ ಆದವು, ಈ ವರ್ಷ ಎಷ್ಟು ಆಗಲಿಲ್ಲ, ಇಷ್ಟು ತರಿಸಿಕೊಂಡರೆ ಸಾಕು, ಯಾವ ಪೇಟೆ ಸೊರಗುತ್ತಿದೆ ಎಂದು ನಿಮ್ಮ ಮೇಜಿನ ಮೇಲೇ ಕಾಣುತ್ತದೆ.

ಎರಡನೆಯದು ನಮಗೆ ಬರಬೇಕಾದ ದುಡ್ಡಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಾಲ ಬೇಕು, ಸಬ್ಸಿಡಿ ಬೇಕು ಎಂದು ಕೇಳುವ ಮೊದಲು ನಮ್ಮದೇ ದುಡ್ಡು ನಮಗೆ ಬಂದರೆ ಎಷ್ಟೋ ಅಂಗಡಿ ಉಳಿಯುತ್ತವೆ. ಒಂದು ಸರ್ಕಾರಿ ಕಚೇರಿಯವರು ಒಂದು ಕಾರ್ಯಕ್ರಮಕ್ಕೆಂದು ನನ್ನ ಅಂಗಡಿಯಿಂದ ಮೂರು ದಿನದ ದಿನಸಿ ತಗೊಂಡರು. ಬಿಲ್ಲು 41,600 ರೂಪಾಯಿ. ಕಚೇರಿಯ ಹೆಸರು ಬರೆಯುವುದಿಲ್ಲ, ಅಲ್ಲಿರುವವರು ಕೆಟ್ಟವರಲ್ಲ, ಅವರಿಗೂ ಮೇಲಿನಿಂದ ಬಂದಿಲ್ಲವಂತೆ. ಆದರೆ ಒಂಬತ್ತು ತಿಂಗಳಾಯಿತು. ಆರು ಸಲ ಹೋಗಿದ್ದೇನೆ. ಒಂದು ಸಲ "ಗ್ರಾಂಟ್ ಬಂದಿಲ್ಲ" ಅಂದರು, ಒಂದು ಸಲ "ಬಿಲ್ಲಿಗೆ ಇನ್ನೊಂದು ಕಾಪಿ ಕೊಡಿ" ಅಂದರು, ಒಂದು ಸಲ ನೋಡಿಕೊಳ್ಳುತ್ತಿದ್ದವರು ವರ್ಗವಾಗಿದ್ದರು, ಹೊಸಬರಿಗೆ ಮೊದಲಿನಿಂದ ಹೇಳಬೇಕಾಯಿತು. ಪ್ರತಿ ಸಲ ಅಂಗಡಿ ಬಾಗಿಲು ಹಾಕಿಕೊಂಡು, ಬಸ್ಸಿಗೆ ಕಾದು, ಅರ್ಧ ದಿನ ಕಳೆದುಕೊಂಡು. ಆ 41,600 ನನ್ನ ಕೈಯಲ್ಲಿದ್ದಿದ್ದರೆ ಹೋಲ್‌ಸೇಲ್‌ನವರಿಗೆ ಎರಡು ಸಲದ ಬಾಕಿ ತೀರಿಸುತ್ತಿದ್ದೆ.

ಕಾನೂನು ಇದೆಯಲ್ಲ ಎಂದು ಒಬ್ಬರು ಹೇಳಿದರು. ಓದಿ ನೋಡಿದೆ. ಸೂಕ್ಷ್ಮ, ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಬಂದ ಕಾಯ್ದೆಯ ಪ್ರಕಾರ ಸಾಮಾನು ಕೊಂಡವರು ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ದೂರು ಕೊಡಲು 2017ರಲ್ಲಿ ಸಮಾಧಾನ್ ಎಂಬ ಪೋರ್ಟಲ್ ಬಂತು. ಓದಿ ಖುಷಿಯಾಯಿತು. ಮುಂದೆ ಓದಿದರೆ, ಅಂಗಡಿ ವ್ಯಾಪಾರಿಗಳನ್ನು 2021ರ ಜುಲೈನಲ್ಲಿ ಉದ್ಯಮ್ ಎಂಬ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಗೆ ಸೇರಿಸಿದ್ದಾರೆ, ಆದರೆ ಅದು ಬ್ಯಾಂಕುಗಳು ಆದ್ಯತೆಯ ಮೇಲೆ ಕೊಡಬೇಕಾದ (ಆದ್ಯತಾ ವಲಯದ) ಸಾಲಕ್ಕೆ ಮಾತ್ರ. ತಡವಾದ ಬಿಲ್ಲಿನ ರಕ್ಷಣೆ ತಯಾರಕರಿಗೆ, ಸೇವೆ ಕೊಡುವವರಿಗೆ ಇದೆ. ಅಂಗಡಿಯವರಿಗೆ ಇಲ್ಲ. ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ನನ್ನ ಗೆಳತಿಗೆ 45 ದಿನದ ಹಕ್ಕಿದೆ. ಅದೇ ಹಪ್ಪಳವನ್ನು ನಾನು ಕೊಂಡು ಮಾರಿದರೆ ನನಗಿಲ್ಲ. (ಇದನ್ನು ಓದುತ್ತಿರುವ ಗೃಹ ಉದ್ಯಮದ ಹೆಣ್ಣುಮಕ್ಕಳೇ, ನೀವು ಉದ್ಯಮ್ ನೋಂದಣಿ ಮಾಡಿಸದಿದ್ದರೆ ಇವತ್ತೇ ಮಾಡಿಸಿ. ಪುಕ್ಕಟೆ. ಯಾರಿಗೂ ದುಡ್ಡು ಕೊಡಬೇಡಿ.)

ಕಾನೂನು ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಜಿಲ್ಲೆಯ ಕಚೇರಿಗಳಿಗೆ ಒಂದು ಸುತ್ತೋಲೆ ಕಳಿಸುವುದು ನಿಮ್ಮ ಕೈಯಲ್ಲಿದೆ. ಒಂದು ಲಕ್ಷದೊಳಗಿನ ಸ್ಥಳೀಯ ಬಿಲ್ಲುಗಳು ಎಷ್ಟು ಬಾಕಿ ಇವೆ, ಯಾವಾಗಿನಿಂದ ಇವೆ ಎಂದು ತಿಂಗಳ ಸಭೆಯಲ್ಲಿ ಪ್ರತಿ ಇಲಾಖೆಯನ್ನೂ ಒಂದು ಸಲ ಕೇಳಿ. ನೀವು ಕೇಳುತ್ತೀರಿ ಎಂದು ಗೊತ್ತಾದರೆ ಸಾಕು, ಅರ್ಧ ಬಿಲ್ಲು ಸಭೆಗೆ ಮುಂಚೆಯೇ ಪಾಸಾಗುತ್ತವೆ. ದುಡ್ಡು ಬಂದಿಲ್ಲದಿದ್ದರೆ ಇನ್ನೂ ಬಂದಿಲ್ಲ ಎಂದು ಒಂದು ಮೆಸೇಜ್ ಮಾಡಲಿ. ನಮಗೆ ಬಸ್ಸಿನ ಖರ್ಚಾದರೂ ಉಳಿಯುತ್ತದೆ.

ಇನ್ನು ಮಳೆಗಾಲ. ಜುಲೈಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಮರ ಬಿದ್ದಿರುತ್ತದೆ, ಕಂಬ ಮುರಿದಿರುತ್ತದೆ, ಲೈನ್‌ಮ್ಯಾನ್‌ಗಳು ಕಾಡೊಳಗೆ ನೆನೆದುಕೊಂಡು ಕೆಲಸ ಮಾಡುತ್ತಿರುತ್ತಾರೆ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನ ದೂರು ಟವರಿನದು. ಕರೆಂಟು ಹೋಗಿ ಆರೇಳು ಗಂಟೆ ಆಯಿತೆಂದರೆ ಟವರಿನ ಬ್ಯಾಟರಿ ಮುಗಿಯುತ್ತದೆ. ಜನರೇಟರ್ ಇದ್ದರೆ ಡೀಸೆಲ್ ಇರುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಸಲ ನಾಲ್ಕು ದಿನ ಹಾಗೇ ಇದ್ದೆವು. ಈಗ ಯಾರ ಜೇಬಿನಲ್ಲೂ ನೋಟು ಇರುವುದಿಲ್ಲ, ಎಲ್ಲ ಫೋನಿನಲ್ಲೇ ಅಲ್ವಾ? ಜನ ಕೊಡೆ ಹಿಡಿದುಕೊಂಡು, ಸ್ವಲ್ಪ ಸಿಗ್ನಲ್ ಸಿಗುವ ದೇವಸ್ಥಾನದ ತಿರುವಿನವರೆಗೆ ನಡೆದು ಹೋಗಿ ದುಡ್ಡು ಹಾಕಿ ಬರುತ್ತಿದ್ದರು. "ಅಕ್ಕಾ, ನಂದು ಕಟ್ ಆಗಿದೆ, ನಿಮಗೆ ಬಂತಾ?" "ಇಲ್ಲಪ್ಪ, ಬಂದಿಲ್ಲ." ಅವನೂ ಸುಳ್ಳು ಹೇಳುತ್ತಿಲ್ಲ, ನಾನೂ ಹೇಳುತ್ತಿಲ್ಲ. ಸಾಮಾನು ಕೊಟ್ಟು ಕಳಿಸಿದೆ. ಆ ನಾಲ್ಕು ದಿನದಲ್ಲಿ ಹೀಗೆ ಪುಸ್ತಕದಲ್ಲಿ ಬರೆದುಕೊಂಡಿದ್ದು 6,200 ರೂಪಾಯಿ. ಬಹುತೇಕ ಎಲ್ಲರೂ ಆಮೇಲೆ ತಂದುಕೊಟ್ಟರು. ಆದರೆ ಆ ವಾರ ಸಾಮಾನು ತರಿಸಲು ನನ್ನ ಹತ್ತಿರ ದುಡ್ಡಿರಲಿಲ್ಲ. ಜೋರು ಮಳೆಯಲ್ಲಿ ಆಗುಂಬೆ ಘಾಟಿಯಲ್ಲಿ ದೊಡ್ಡ ಗಾಡಿ ಬಿಡುವುದಿಲ್ಲ, ಹಾಗಾಗಿ ಕರಾವಳಿ ಕಡೆಯಿಂದ ಬರುವುದೂ ನಿಂತಿತ್ತು.

ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ 4ಜಿ ಕೊಡಲು 2022ರ ಜುಲೈನಲ್ಲಿ ಕೇಂದ್ರ ಸರ್ಕಾರ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. ಹೊಸ ಟವರ್ ಬರಲಿ, ಸಂತೋಷ. ಇರುವ ಟವರ್ ಮಳೆಗಾಲದಲ್ಲಿ ಉಸಿರಾಡುವ ಹಾಗೆ ಮಾಡುವುದು ಅಷ್ಟೇ ಮುಖ್ಯ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ನೀವೇ. ಮೇ ತಿಂಗಳಲ್ಲಿ ಮುಂಗಾರಿನ ಸಭೆ ಕರೆದಾಗ ಟವರ್ ನಡೆಸುವ ಕಂಪನಿಗಳನ್ನೂ ಕೂರಿಸಿ. ಯಾವ ಟವರಿಗೆ ಎಷ್ಟು ಗಂಟೆಯ ಬ್ಯಾಟರಿ ಇದೆ, ಡೀಸೆಲ್ ಹಾಕುವವರು ಯಾರು, ಅವರ ನಂಬರ್ ಏನು ಎಂದು ಬರೆಸಿ, ಆ ಪಟ್ಟಿಯನ್ನು ಪಂಚಾಯ್ತಿಯ ಗೋಡೆಗೆ ಅಂಟಿಸಿ. ಡೀಸೆಲ್ ಹೊತ್ತುಕೊಂಡು ಹೋಗಲು ನಮ್ಮೂರ ಹುಡುಗರೇ ಬರುತ್ತಾರೆ. ಯಾರನ್ನು ಕೇಳಬೇಕು ಎಂಬುದೇ ಈಗ ನಮಗೆ ಗೊತ್ತಿಲ್ಲ.

ಆ ನಾಲ್ಕು ದಿನದಲ್ಲೇ ನಾನು ಇನ್ನೊಂದನ್ನೂ ನೋಡಿದೆ. ಮೂರನೆಯ ದಿನ ಮಧ್ಯಾಹ್ನ ನಮ್ಮ ಮೆಡಿಕಲ್ ಶಾಪಿನ ಹುಡುಗ ಓಡಿ ಬಂದ. ಅವರ ಇನ್ವರ್ಟರ್ ಕೈಕೊಟ್ಟಿತ್ತು. ಫ್ರಿಜ್ಜಿನಲ್ಲಿ ಇನ್ಸುಲಿನ್ ಇತ್ತು, ಮಕ್ಕಳ ಔಷಧಿ ಇತ್ತು. ಬೇಕರಿಯವರ ಹತ್ತಿರ ಜನರೇಟರ್ ಇದೆ ಎಂದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಒಂದೇ ರಸ್ತೆ, ನೋಡಿ! ಇಬ್ಬರೂ ಸೇರಿ ಔಷಧಿಯನ್ನೆಲ್ಲ ಸ್ಟೀಲ್ ಡಬ್ಬಿಗೆ ತುಂಬಿ, ಮೇಲೆ ಟವೆಲ್ ಮುಚ್ಚಿ ಒಯ್ದೆವು. ಬೇಕರಿಯವರು ತಮ್ಮ ಕ್ರೀಮು, ಬೆಣ್ಣೆ ತೆಗೆದು ಜಾಗ ಮಾಡಿಕೊಟ್ಟರು. ಬದಲಿಗೆ ಪೆಟ್ರೋಲ್ ಖರ್ಚು ಮೂರು ಅಂಗಡಿಯವರು ಹಂಚಿಕೊಂಡೆವು. ಮಳೆ ನಿಂತ ಮೇಲೆ ಎಲ್ಲರೂ ಸೇರಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟೆವು: ಯಾರ ಹತ್ತಿರ ಜನರೇಟರ್, ಯಾರ ಹತ್ತಿರ ಫ್ರೀಜರ್, ಯಾರ ಹತ್ತಿರ ಜೀಪು, ಯಾರ ಮನೆಯಲ್ಲಿ ಲ್ಯಾಂಡ್‌ಲೈನ್ ಇನ್ನೂ ಇದೆ. ಒಂದು ವಾಟ್ಸ್ಆ್ಯಪ್ ಗ್ರೂಪೂ ಮಾಡಿದೆವು. ಆದರೆ ಪುಸ್ತಕವೇ ಮೇಲು, ಟವರ್ ಹೋದರೂ ಅದು ಇರುತ್ತದೆ.

ಅಲ್ಲಿಂದ ಮುಂದಕ್ಕೆ ನಾವು ಐದು ದಿನಸಿ ಅಂಗಡಿಯವರು ಸೇರಿ ಶಿವಮೊಗ್ಗದಿಂದ ಒಂದೇ ಗಾಡಿಯಲ್ಲಿ ಸಾಮಾನು ತರಿಸುತ್ತಿದ್ದೇವೆ. ಮೊದಲು ಒಬ್ಬೊಬ್ಬರೂ ಬೇರೆ ಬೇರೆ ಬಾಡಿಗೆ ಕೊಡುತ್ತಿದ್ದೆವು. ಸಕ್ಕರೆ, ಎಣ್ಣೆ ಒಟ್ಟಿಗೆ ಎತ್ತಿದ್ದಕ್ಕೆ ಹೋಲ್‌ಸೇಲ್‌ನವರು ಸ್ವಲ್ಪ ಇಳಿಸಿಯೂ ಕೊಟ್ಟರು. ಇಷ್ಟು ವರ್ಷ ನಾವು ಒಬ್ಬರ ರೇಟು ಇನ್ನೊಬ್ಬರಿಗೆ ಗೊತ್ತಾಗಬಾರದು ಎಂದು ಬಿಲ್ಲು ಮುಚ್ಚಿಟ್ಟುಕೊಂಡು ಬದುಕಿದವರು. ಅದು ನಮ್ಮ ತಪ್ಪು. ಒಪ್ಪಿಕೊಳ್ಳುತ್ತೇನೆ.

ಬೆಳೆಗಾರರು ಈ ಪಾಠವನ್ನು ಯಾವತ್ತೋ ಕಲಿತಿದ್ದಾರೆ. ಮಂಡಿಯಲ್ಲಿ ಒಬ್ಬೊಬ್ಬರೇ ನಿಂತರೆ ರೇಟು ಸಿಗುವುದಿಲ್ಲ ಎಂದು 1939ರಲ್ಲೇ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಎಂಬ ಅಡಿಕೆ ಮಾರಾಟದ ಸಹಕಾರ ಸಂಘ ಕಟ್ಟಿದರು. 1973ರಲ್ಲಿ ಮಂಗಳೂರಿನಲ್ಲಿ ಅಂಥದ್ದೇ ಕ್ಯಾಂಪ್ಕೋ ಆಯಿತು. ಗದಗ ಕಡೆಯ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಮಾಡಿಕೊಂಡರು. ಅಡಿಕೆ ಬೆಳೆಯುವವರಿಗೆ ಸಂಘ ಇದೆ, ಹಾಲು ಹಾಕುವವರಿಗೆ ಸಂಘ ಇದೆ, ಹೆಣ್ಣುಮಕ್ಕಳಿಗೆ ಸ್ವಸಹಾಯ ಗುಂಪಿದೆ. ಅವರೆಲ್ಲರ ದುಡ್ಡು ಓಡಾಡುವ ನಮ್ಮ ಅಂಗಡಿಗಳಿಗೆ ಒಟ್ಟಿಗೆ ಕೊಳ್ಳುವ, ಕಷ್ಟಕ್ಕೆ ಒಂದಷ್ಟು ದುಡ್ಡು ತೆಗೆದಿಡುವ ಒಂದು ಸಂಘ ನಮ್ಮ ತಾಲ್ಲೂಕಿನ ಸಣ್ಣ ಪೇಟೆಗಳಲ್ಲಿ ಇಲ್ಲ. ವರ್ತಕರ ಸಂಘ ಅಂತ ಇದೆ, ಗಣಪತಿ ಹಬ್ಬಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ನಮಗೆ ಬೇಕಾಗಿರುವುದು ವ್ಯವಹಾರ ಮಾಡುವ ಸಂಘ.

ಅಂಥ ಸಂಘ ಮಾಡುವುದು ಹೇಗೆ ಎಂದು ನಾವು ಕೇಳಿಕೊಂಡು ಹೋದೆವು. ಬೈಲಾ (ಸಂಘದ ನಿಯಮಾವಳಿ) ಬರೆಯಬೇಕು, ಇಷ್ಟು ಸದಸ್ಯರು ಬೇಕು, ಷೇರು ಹಣ ಹೀಗೆ ಕಟ್ಟಬೇಕು, ಈ ಫಾರಂ ಅಲ್ಲ ಆ ಫಾರಂ. ಮೂರು ಸಲ ಹೋಗಿ ಸುಮ್ನೆ ವಾಪಸ್ ಬಂದೆವು. ಅಂಗಡಿ ಬಿಟ್ಟು ನಾಲ್ಕನೆಯ ಸಲ ಹೋಗಲು ಯಾರಿಗೂ ಆಗಲಿಲ್ಲ. ನನ್ನ ಇನ್ನೊಂದು ಕೋರಿಕೆ ಇದು: ತಾಲ್ಲೂಕಿಗೆ ಒಬ್ಬರು, ವಾರಕ್ಕೆ ಒಂದು ದಿನ, ಪಂಚಾಯ್ತಿ ಕಟ್ಟಡದಲ್ಲಿ ಕೂತು ಅಂಗಡಿಯವರಿಗೆ ಇಂಥ ಕೆಲಸ ಮಾಡಿಕೊಡಲಿ. ಹೊಸ ಹುದ್ದೆ ಬೇಡ. ಸಹಕಾರ, ಕೈಗಾರಿಕೆ, ವಾಣಿಜ್ಯ ತೆರಿಗೆ, ಬ್ಯಾಂಕು, ಈ ನಾಲ್ಕು ಕಡೆಯವರು ಸರದಿಯಲ್ಲಿ ಬಂದರೂ ಸಾಕು. ಸಂತೆಯ ದಿನ ಇಟ್ಟರೆ ಎಲ್ಲರಿಗೂ ಅನುಕೂಲ.

ವಾಣಿಜ್ಯ ತೆರಿಗೆ ಎಂದು ಯಾಕೆ ಹೇಳಿದೆ ಅಂದರೆ, 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದ ಸುದ್ದಿ ಕೇಳಿ ನಮ್ಮ ಪೇಟೆಯಲ್ಲೂ ಎಂಟು ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಒಳಗಿಟ್ಟರು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ ಎಂದು ಅವರಿಗೆ ಕೂತು ಹೇಳಿದವರಿಲ್ಲ. ಹೂವು ಮಾರುವ ಅಜ್ಜಿಯೂ ಹೆದರಿದ್ದರು. ನಾನೇ ಅವರಿಗೆ ಹೇಳಿ ಧೈರ್ಯ ತುಂಬಬೇಕಾಯಿತು. ನನ್ನ ಮಾತನ್ನು ನಂಬಿದರು, ಸರಿ. ಇಲಾಖೆಯವರೇ ಬಂದು ಕನ್ನಡದಲ್ಲಿ ಅರ್ಧ ಗಂಟೆ ಹೇಳಿದ್ದರೆ ಇಡೀ ಪೇಟೆ ನೆಮ್ಮದಿಯಾಗಿ ಮಲಗುತ್ತಿತ್ತು.

ಬ್ಯಾಂಕಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮುದ್ರಾ ಸಾಲಕ್ಕೆ ಅಡಮಾನ ಬೇಡ. ಸಣ್ಣ ಉದ್ಯಮಗಳ ಸಣ್ಣ ಮೊತ್ತದ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಆದರೂ ನಾನು 2 ಲಕ್ಷ ಕೇಳಲು ಹೋದ ಬ್ಯಾಂಕಿನಲ್ಲಿ ಮೊದಲು ಕೇಳಿದ್ದು ಜಾಗದ ಪತ್ರ. ಆಮೇಲೆ "ಮೇಡಂ, ಒಡವೆ ಇದ್ದರೆ ತನ್ನಿ, ಇವತ್ತೇ ಆಗುತ್ತೆ" ಅಂದರು. ಒಡವೆ ಇಟ್ಟೆ. ನಮ್ಮ ರಸ್ತೆಯಲ್ಲಿ ಬಹಳ ಮನೆಯ ಬಂಗಾರ ಹೀಗೇ ಹೋಗಿ ಕೂತಿದೆ. ಮೂರು ತಿಂಗಳಿಗೊಮ್ಮೆ ಬ್ಯಾಂಕಿನವರ ಜಿಲ್ಲಾ ಸಮಾಲೋಚನಾ ಸಮಿತಿ ಸೇರುವುದು ನಿಮ್ಮ ಅಧ್ಯಕ್ಷತೆಯಲ್ಲೇ. ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ಈ ಮೂರು ತಿಂಗಳಲ್ಲಿ ಸಣ್ಣ ಅಂಗಡಿಗಳಿಂದ ಬಂದ ಅರ್ಜಿ ಎಷ್ಟು, ಕೊಟ್ಟದ್ದು ಎಷ್ಟು, ಕೊಡದಿದ್ದರೆ ಕಾರಣವನ್ನು ಬರೆದು ಕೊಟ್ಟಿದ್ದೀರಾ? ಪಟ್ಟಣದ ಬೀದಿಬದಿ ವ್ಯಾಪಾರಿಗಳಿಗೆ 2020ರಿಂದ ಸ್ವನಿಧಿ ಸಾಲ ಇದೆ, ಒಳ್ಳೆಯದೇ ಆಗಿದೆ. ನಮ್ಮದು ಗ್ರಾಮ ಪಂಚಾಯ್ತಿಯ ಪೇಟೆ. ಇಲ್ಲಿ ಮೀನು ಮಾರುವವರಿಗೆ, ತರಕಾರಿ ಗಾಡಿಯವರಿಗೆ ಅದು ಸಿಕ್ಕಿಲ್ಲ. ಅವರು ವಾರದ ಬಡ್ಡಿಗೆ ತರುತ್ತಾರೆ.

ಈ ಪತ್ರ ಬಹಿರಂಗವಾಗಿ ಬರೆದದ್ದರಿಂದ ಓದುವ ಬೇರೆಯವರಿಗೂ ಎರಡು ಮಾತು. ಬೆಂಗಳೂರಿನಲ್ಲಿರುವ ನಮ್ಮೂರ ಮಕ್ಕಳೇ, ಊರಲ್ಲಿರುವ ಅಪ್ಪ ಅಮ್ಮನಿಗೆ ನೀವು ಆನ್‌ಲೈನ್‌ನಲ್ಲಿ ಸಾಮಾನು ತರಿಸಿ ಕೊಡುತ್ತೀರಿ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆ ಡಬ್ಬಿ ಮನೆಯವರೆಗೆ ಬರುವುದಿಲ್ಲ, ನಮ್ಮ ಅಂಗಡಿಯಲ್ಲೇ ಇಳಿಸಿ ಹೋಗುತ್ತಾರೆ. ಅದನ್ನು ನಿಮ್ಮ ಮನೆಗೆ ಮುಟ್ಟಿಸುವವರೂ ನಾವೇ. ಬೇಸರವಿಲ್ಲ, ಮುಟ್ಟಿಸುತ್ತೇವೆ. ಆದರೆ ತಿಂಗಳಿಗೊಮ್ಮೆ ಅಕ್ಕಿ ಬೇಳೆಯ ಚೀಟಿಯನ್ನು ನಮ್ಮೂರಿನ ಯಾವುದಾದರೂ ಅಂಗಡಿಗೆ ಫೋನಿನಲ್ಲಿ ಹೇಳಿ, ದುಡ್ಡು ಹಾಕಿ. ನನ್ನ ಅಂಗಡಿಗೇ ಆಗಬೇಕೆಂದಿಲ್ಲ. ಸಾಮಾನು ಕೊಡಲು ಹೋದವರು ನಿಮ್ಮ ಅಮ್ಮನ ಮಾತ್ರೆ ಮುಗಿದಿದೆಯಾ ಎಂದೂ ಕೇಳಿಕೊಂಡು ಬರುತ್ತಾರೆ.

ಅಂಗಡಿಯ ನನ್ನ ಬಂಧುಗಳೇ, ನಿಮ್ಮ ಪೇಟೆಯಲ್ಲೂ ಒಂದು ನೋಟ್ ಪುಸ್ತಕ ಮಾಡಿ. ಮಳೆಗೆ ಮುಂಚೆ ಮಾಡಿ. ಜನರೇಟರ್ ಯಾರದು, ಫ್ರೀಜರ್ ಯಾರದು ಎಂದು ಬರೆದಿಡಿ. ಯಾರಾದರೂ ಅಂಗಡಿ ಮುಚ್ಚುವ ಯೋಚನೆ ಮಾಡುತ್ತಿದ್ದಾರೆ ಎಂದು ಗೊತ್ತಾದರೆ ಲಗೇಜ್ ಆಟೋ ಬರುವ ಮೊದಲೇ ಹೋಗಿ ಮಾತಾಡಿ. ಟೈಲರ್ ಅಣ್ಣನ ಜೊತೆ ನಾನು ಹಾಗೆ ಮಾತಾಡಲಿಲ್ಲ. ದಿನಾ ಪಕ್ಕದಲ್ಲೇ ಇದ್ದೆ, ಟೀ ಹಂಚಿಕೊಂಡು ಕುಡಿಯುತ್ತಿದ್ದೆವು, ಆದರೂ ಅಂಗಡಿ ಬಾಡಿಗೆ ಎಷ್ಟು ತಿಂಗಳಿಂದ ಬಾಕಿ ಇದೆ ಎಂದು ಕೇಳಲಿಲ್ಲ. ಹೈಸ್ಕೂಲಿನ ಯೂನಿಫಾರಂ ಹೊಲಿಗೆ ಊರಿನವರಿಗೇ ಕೊಡಿ ಎಂದು ನಾವೆಲ್ಲ ಸೇರಿ ಶಾಲೆಗೆ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತಿದೆ.

ಮಾನ್ಯರೇ, ಬರುವ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಪೇಟೆಯ 29 ಅಂಗಡಿಯವರೂ ಸಮುದಾಯ ಭವನದಲ್ಲಿ ಸೇರುತ್ತಿದ್ದೇವೆ. ಅಕ್ಕಪಕ್ಕದ ಎರಡು ಪೇಟೆಯವರೂ ಬರುತ್ತೇವೆ ಎಂದಿದ್ದಾರೆ. ನೀವೇ ಬಂದರೆ ನಮಗೆ ಬಹಳ ಸಂತೋಷ. ಆಗದಿದ್ದರೆ ಸಹಕಾರ ಇಲಾಖೆಯಿಂದ ಒಬ್ಬರನ್ನು, ಬ್ಯಾಂಕಿನಿಂದ ಒಬ್ಬರನ್ನು ಕಳಿಸಿಕೊಡಿ. ಸಂಘದ ಅರ್ಜಿಯನ್ನು ನಮಗೆ ತಿಳಿದ ಹಾಗೆ ತುಂಬಿ ಇಟ್ಟಿದ್ದೇವೆ. ತಪ್ಪಿದ್ದರೆ ಅಲ್ಲೇ ಕೂತು ತಿದ್ದಿಕೊಡಲಿ. ನನ್ನ ಬಾಕಿ ಬಿಲ್ಲಿನ ಪ್ರತಿಯನ್ನು, ಹಾಗೆಯೇ ನಮ್ಮ ರಸ್ತೆಯ ಇನ್ನೂ ಏಳು ಅಂಗಡಿಯವರ ಬಾಕಿ ಬಿಲ್ಲುಗಳನ್ನು ಬೇರೆ ಲಕೋಟೆಯಲ್ಲಿ ಹಾಕಿ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ದಿನಸಿ ಅಂಗಡಿಯವಳು